ಕುಲಾಯಿ ಕೆಲಸೇನು

ಮಶೀನು ಕೂಡಿಸಾಕ ಬಂದ ಯಾವುಜ್ ಉಸ್ತಾ
ಬ್ಯಾಡಗಿ ಪ್ಯಾಟಿಯಾಗ ಒಂಬತ್ತು ದಿನ ಇದ್ದ.
ಮೊದಲ ದಿನ ಮೆಣಸಿನಕಾಯಿ ರಾಶಿ ಸುತ್ತಿ ಬಂದು
ನಮ್ಮ ಮುಂದ ನಿಂತು
ಕೊಲಾಯ್ ಗೆಲ್ಸಿನ್, ಅಂದ.
ಜೈತುನಬಿ ತೊಟ್ಟು ಬಿಡಿಸೋದು ಬಿಟ್ಟು,
'ಕುಲಾಯಿ ಕೆಲಸೇನು ಅಂತಾನಲ್ಲಬೇ,
ಕೂಸಿನ ಕುಲಾಯಿ ಯಾರು ಹೊಲೀತಾರ ಇಲ್ಲೆ?'
ನಲವತ್ತು ಹೆಂಗಸರು ನಕ್ಕೆವು.
ಯಾಕಂತ ತಿಳೀದ ಅವನೂ ನಕ್ಕ.

ಅವನ ಫೋನು ಮುರುಕು ಹಿಂದಿ ಆಡತಿತ್ತು,
ಉಳಿದದ್ದೆಲ್ಲಾ ಕೈಸನ್ನಿ.
ಹಂಗ ತಿಳೀತು:
ಅವರ ಕಡೆ ದುಡಿಯೋರ ಮುಂದ ಸುಮ್ಮನ ಹಾದು ಹೋಗಾಂಗಿಲ್ಲಂತ.
ಮಣ್ಣು ಹೊರಲಿ, ರೊಟ್ಟಿ ಸುಡಲಿ, ಬೀದಿ ಉಡುಗಲಿ,
'ಹಗರಾಗಲಿ ನಿನ್ನ ಕೆಲಸ' ಅನ್ನಬೇಕಂತ.
ಇಪ್ಪತ್ತೊಂದು ವರ್ಷ ಕುಂತೀನಿ ಈ ಘಾಟಿನಾಗ.
ಊಟ ಆತೇನವಾ ಅಂದಾರ,
ಎಷ್ಟು ಕಿಲೋ ಆತು ಅಂದಾರ.
ಇದೊಂದು ಯಾರಿಗೂ ಹೊಳೆದಿದ್ದಿಲ್ಲ.
ನನಗೂ.

ಟೆಂಡರ್ ಚೀಟಿ ಹಿಂದ ಬರಕೊಂಡೆ, ಏಳನೆತ್ತದ ಅಕ್ಷರದಾಗ.
ಮೆರ್ಹಬಾ: ನಮಸ್ಕಾರ.
ಹೊಶ್ ಗೆಲ್ದಿನ್: ಚಲೋ ಬಂದಿ.
ಹೊಶ್ ಗೆಲ್ದಿನಿಜ್: ಚಲೋ ಬಂದ್ರಿ.
ನಮ್ಮ 'ರೀ' ನಿಮ್ಮಲ್ಲೆಲ್ಲೈತಿ ಅಂತ ಕೇಳಿದ್ದಕ್ಕ
ಬಾಲದಾಗಿನ ಆ 'ನಿಜ್' ತೋರಿಸಿದ.
ತೆಶೆಕ್ಕ್ಯೂರ್ ಎದೆರಿಮ್.
ಇದು ಮಾತ್ರ ನಾಲಿಗಿಗೆ ಹತ್ತಲಿಲ್ಲ,
ನಡುವ ಎಲ್ಲೋ 'ಎದೆ' ಅಂದಂಗ ಕೇಳಿಸ್ತು, ಅಷ್ಟ ಇಟಗೊಂಡೆ.

ಭರಮವ್ವ ಬುತ್ತಿ ಬಿಚ್ಚಿ ರೊಟ್ಟಿ ಝುಣಕ ಕೊಟ್ಟಳು.
ತಿಂದು, ಕಣ್ಣೀರು ಒರಸಿಕೊಂಡು,
ಎಲಿನೆ ಸಾಲಿಕ್, ಅಂದ.
ನಿನ್ನ ಕೈ ತಣ್ಣಗಿರಲಿ, ಅಂತ ನಾನು ತಿರುವಿ ಹೇಳಿದೆ.
ರಾತ್ರಿಯೆಲ್ಲಾ ಮಜ್ಜಿಗಿ ಬೋಗಾಣಿಯಾಗ ಅದ್ದಿಡೋ ಕೈ ಅದು.
ಬೆರಳು ಹೊಳ್ಳಿಸಿ ಹೊಳ್ಳಿಸಿ ನೋಡಿಕೊಂಡಳು,
ಯಾರದೋ ಸಾಮಾನು ನೋಡಿದಂಗ.

ಸೀನಿದರ ಚೋಕ್ ಯಶಾ, ಭಾಳ ದಿನ ಬಾಳು, ಅನ್ನಬೇಕು.
ಸೀನಿದವ್ವ 'ನೀನೂ ಇದ್ದು ನೋಡು' ಅನ್ನಬೇಕು.
ಮೆಣಸಿನಕಾಯಿ ಅಂಗಳದಾಗ ಇದು ನಡಿಯೋ ಮಾತೇನು?
ಹತ್ತಕ್ಕ, ಇಪ್ಪತ್ತಕ್ಕ, ಮೂವತ್ತಕ್ಕ ಚೋಕ್ ಯಶಾ ಅಂದು ಸಾಕಾಗಿ
ಕಡೀಕ ತಾನ ಸೀನಿದ, ಛಾವಣಿ ಪಾರಿವಾಳ ಹಾರುವಂಗ.
ನಲವತ್ತು ದನಿ ಒಮ್ಮೆಲೆ ಹರಸಿದವು.
ಅಷ್ಟು ಆಯುಷ್ಯ ತಗೊಂಡು ಏನು ಮಾಡತಾನೋ.

ಏಳನೇ ದಿನ ಮಶೀನು ಹೊಂಟಿತು.
ನಾವು ದಿನಾ ಬಿಡಿಸೋ ತೊಟ್ಟು
ಚಾ ಆರೂದರಾಗ ಬಿದ್ದಿದ್ದವು, ಒಂದ ಗುಡ್ಡಿ.
ಹಗರಾತು ಕೆಲಸ.
ನಮ್ಮ ಕೈ ಬಿಟ್ಟು ಹೋಗುವಷ್ಟು ಹಗರಾತು.
ಹನ್ನೆರಡು ಮಂದಿ ಸಾಕು ಅಂದ್ರು ಸಾವಕಾರ್ರು.
ಉಸ್ತಾ ನಮ್ಮ ಮುಂದ ಬಂದ, ಬಾಯಿ ತೆರೆದ,
ದಿನಾ ಅನ್ನೋ ಮಾತು ಅನ್ನಲಿಲ್ಲ.
ಎಣ್ಣಿಗೈ ಎದಿಮ್ಯಾಲೆ ಇಟ್ಟು
ಕುಸುರಾ ಬಕ್ಮಾಯಿನ್, ಅಂದ.
ಫೋನು ತಗೀಲಿಲ್ಲ.
ಜೈತುನಬಿನ ಹೇಳಿದಳು: 'ಕಸೂರು ನೋಡಬ್ಯಾಡ್ರಿ ಅಂತಾನ.
ಕಸೂರು ಅಂದ್ರ ಎಲ್ಲೆ ಹೋದ್ರೂ ಕಸೂರ.'
ಯಾರದು ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಂಟಾಗ ಯಾರೋ ಒಂಟಿ ಸೀನು ಸೀನಿದ್ರು.
ಹಿಡಿದು ಕುಂಡ್ರಿಸಿ ನೀರು ಕುಡಿಸಿದೆವು.
ಇದು ನಮ್ಮ ರಿವಾಜು, ಇದಕ್ಕ ತುರ್ಕಿ ಮಾತಿಲ್ಲ.
ಆಮ್ಯಾಲೆ ಗ್ಯುಲೆ ಗ್ಯುಲೆ ಅಂದೆವು, ನಕ್ಕೊಂತ ಹೋಗಂತ.
ಇದು ಉಳಿದೋರು ಅನ್ನೋ ಮಾತು, ಹೋಗೋರು ಅಲ್ಲ.
ಆದ್ರ ಅವತ್ತು ಉಳಿದೋರು ಯಾರು,
ಹೋಗೋರು ಯಾರು.

ಈಗ ಬಸ್‌ಸ್ಟ್ಯಾಂಡ್ ಗೋಡಿಗೆ ನಿಂಬಿಹಣ್ಣು ಹಚ್ಚಿಕೊಂಡು ಕೂಡ್ರತೀನಿ.
ನಸುಕಿನಾಗ ಕಸಬರಗಿ ಹಿಡಕೊಂಡು ಗಾಳೆವ್ವ ಬರತಾಳ.
ಮೊನ್ನೆ ಬಾಯಿ ತಡೀಲಿಲ್ಲ:
ಕೊಲಾಯ್ ಗೆಲ್ಸಿನ್, ಅಂದೆ.
ನಿಂತಳು. ಸೆರಗಿನಿಂದ ಮುಖ ಒರಸಿಕೊಂಡಳು.
'ಕುಲಾಯಿ ಅಲ್ಲಬೇ ಯಕ್ಕಾ,' ಅಂದಳು, 'ಕಸ.'