ರಸಮಟ್ಟ

ಪುತ್ತರಿ ಕಳೆಯಲಿ ಬರುತ್ತೇನೆ ಎಂದ ಆಚಾರಿ ಶಿವನ್
ಕಾಫಿ ಕೊಯ್ಲು ಮುಗಿದರೂ ಬರಲಿಲ್ಲ.
ಇನ್ನೊಂದು ಕಕ್ಕಡ ಬಟ್ಟೆಯೆಲ್ಲ ಟ್ರಂಕಿನಲ್ಲೇ ಕಳೆದರೆ
ಸೀರೆಗೆ ಬೂಷ್ಟೇ ಅಂಚಾಗುತ್ತದೆ.
ಹಾಗಾಗಿ ಈ ಭಾನುವಾರ, ನೈಟ್ ಡ್ಯೂಟಿ ಇಳಿದವಳು
ಮಲಗದೆ, ಅಮ್ಮತ್ತಿ ಪೇಟೆಯ ಮೊಯ್ದು ಕಾಕನಿಂದ
ದಿನಕ್ಕೆ ನೂರು ರೂಪಾಯಿಗೆ ಡ್ರಿಲ್ ತಂದೆ.

ನನ್ನ ಮಲಗುವ ಕೋಣೆಯ ಕಪಾಟು
ಒಂದು ಕಾಲದ ಬಾಗಿಲು.
ಮುದ್ದವ್ವ ಮನೆಯನ್ನು ಎರಡು ಮಾಡಿ
ಹಿಂಭಾಗ ಬಾಡಿಗೆಗೆ ಬಿಟ್ಟಾಗ
ಆ ಕಡೆಯಿಂದ ಇಟ್ಟಿಗೆ ಇಟ್ಟು ಮುಚ್ಚಿಸಿದ್ದು.
ಈ ಕಡೆಗೆ ಉಳಿದದ್ದು ಮಣ್ಣುಗೋಡೆಯ ದಪ್ಪ,
ಒಂದೂಮುಕ್ಕಾಲು ಅಡಿ ಆಳ, ಮೂರೂವರೆ ಅಗಲ,
ಮತ್ತೆ ಕೆಳಗೆ, ಯಾರ್‍ಯಾರದೋ ಕಾಲಿಗೆ
ನಡುವೆ ಸವೆದ ಹೊಸ್ತಿಲು.

ಹಲಗೆ ಸಿಲ್ವರ್ ಓಕಿನದು, ಗಾಳಿಗೆ ಬಿದ್ದ ಮರ.
ಸರಳು ರೈಟರ್ ಮೊಣ್ಣಪ್ಪ ಕೊಟ್ಟದ್ದು:
ಹೂಮಳೆ ಕೈಕೊಟ್ಟ ವರ್ಷ ತೋಟದಲ್ಲಿ
ಸ್ಪ್ರಿಂಕ್ಲರಿನ ತಲೆ ಹೊತ್ತು ನಿಂತಿದ್ದ
ಮುಕ್ಕಾಲು ಇಂಚಿನ ಪೈಪು.
ನಾಲ್ಕು ಸಲ ಅವನ ಬ್ಯಾಂಡೇಜು ಬದಲಿಸಿದ್ದೆ,
ಅವನ ಪುಸ್ತಕದಲ್ಲಿ ಈಗ ಅದು ಚುಕ್ತಾ.
ಕೊಯ್ಯುವಾಗ ಬ್ಲೇಡು ಎರಡು ಮುರಿದವು.
ಪೈಪಿನ ಬಾಯಿಂದ ಒಂದು ಚಮಚ ಕೆಂಪು ನೀರು ಸುರಿಯಿತು,
ಯಾವ ಹೂವಿಗೂ ತಲುಪದೆ ಉಳಿದದ್ದು.

ಎಡಕ್ಕೆ ನೆಲದಿಂದ ಅರವತ್ತೆಂಟು ಇಂಚು, ಬಲಕ್ಕೂ ಅಷ್ಟೇ.
ಗೆರೆ ಎಳೆದು ದೂರ ನಿಂತರೆ
ಸರಳು ಮಡಿಕೇರಿ ಕಡೆಗೆ ವಾಲಿದೆ.
ನೆಲ ಸುಳ್ಳು ಹೇಳುತ್ತದೆ,
ಮಾಡಿನ ತೊಲೆಯದ್ದು ಬೇರೆಯೇ ಸುಳ್ಳು.
ರಸಮಟ್ಟ ಇದೆಯಾ ಎಂದಾಗ ಕಾಕ ನಕ್ಕಿದ್ದ:
“ಅದು ಶಿವನ್ ಹತ್ತಿರ ಉಂಟು.”

ಬ್ಯಾಗಿನಲ್ಲಿ ಅವಧಿ ಮೀರಿದ ಒಂದು ಡ್ರಿಪ್ ಸೆಟ್ಟು.
ನೀರು ತುಂಬಿಸಿ, ಎರಡು ಹನಿ ಜೆನ್ಶನ್ ವಯೊಲೆಟ್ ಬಿಟ್ಟು,
ಗುಳ್ಳೆಗಳನ್ನು ತಟ್ಟಿ ತಟ್ಟಿ ಮೇಲಕ್ಕೆ ಕಳಿಸಿದೆ;
ಗಾಳಿ ಒಳಗೆ ಉಳಿಯಬಾರದು,
ಇಪ್ಪತ್ತೊಂದು ವರ್ಷದ ಬೆರಳಿಗೆ ಅದು ಬಾಯಿಪಾಠ.
ಹಿಡಿಯಲು ಇನ್ನೊಬ್ಬರಿಲ್ಲ. ಒಂದು ತುದಿಯನ್ನು
ಎಡಗೋಡೆಗೆ ಪ್ಲಾಸ್ಟರಿನಿಂದ ಅಂಟಿಸಿ
ಇನ್ನೊಂದನ್ನು ಬಲಕ್ಕೆ ಹಿಡಿದು ಕಾದೆ.
ನೇರಳೆ ನೀರು ಏರಿತು, ಇಳಿಯಿತು,
ಅನುಮಾನಿಸಿತು, ನಿಂತಿತು.
ಅಲ್ಲಿ ಪೆನ್ಸಿಲ್ ಗುರುತು.

ಡ್ರಿಲ್ ಗೋಡೆಗೆ ನುಗ್ಗಿದಾಗ
ಮೊಣಕೈತನಕ ನನ್ನ ಕೈ ಬೇರೆಯವರದಾಯಿತು.
ಎರಡು ತೂತು ಹೇಗೋ ಆಯಿತು.
ಮೂರನೆಯದು, ಹಲಗೆಗೆ, ಹಿಂಗೋಡೆಯಲ್ಲಿ.
ಆಚೆಯಿಂದ ಟಕ್ ಟಕ್.

ಶಿವರಾತ್ರಿಯಿಂದ, ಮೋಟಾರಿನ ಬಿಲ್ಲಿನ ವಿಷಯಕ್ಕೆ,
ನನ್ನೊಡನೆ ಮಾತು ಬಿಟ್ಟವಳು ಮುದ್ದವ್ವ.
“ಸಿಸ್ಟರೇ, ಗೋಡೆ ಕೆಡವ್ತಾ ಇದ್ದೀರಾ?”
“ಹಲಗೆ ಹೊಡೀತಿದ್ದೇನೆ! ಬಟ್ಟೆಗೆ!”
ಸ್ವಲ್ಪ ಹೊತ್ತು ಏನಿಲ್ಲ.
“ಅಲ್ಲಿ ಬೇಡ. ಅಲ್ಲಿ ಬರೀ ಗಾರೆ. ನಾನೇ ನಿಂತು ಕಟ್ಟಿಸಿದ್ದು.”
ಟಕ್. ಒಂದು ಗೇಣು ಬಲಕ್ಕೆ.
“ಹಾಂ, ಇಲ್ಲಿ ಇಟ್ಟಿಗೆ.”
ಅವಳು ತಟ್ಟಿದಲ್ಲಿ ಕಿವಿಯಿಟ್ಟೆ,
ಕಿವಿಯಿಟ್ಟಲ್ಲಿ ಗುರುತಿಟ್ಟೆ.
ಡ್ರಿಲ್ಲಿನ ಹಲ್ಲು ಕಚ್ಚಿತು, ಕೆಂಪು ಹುಡಿ ಉದುರಿತು.
ಹಾಗೆ ಇನ್ನೂ ಐದು ತೂತು.
ಮೋಟಾರಿನ ಮಾತು ಇಬ್ಬರೂ ಎತ್ತಲಿಲ್ಲ.

ಸಂಜೆಗೆ ಹಲಗೆ ಎರಡು, ಸರಳು ಒಂದು.
ಮೊದಲು ನಾನೇ ಜೋತುಬಿದ್ದು ನೋಡಿದೆ, ಐವತ್ತೆಂಟು ಕಿಲೋ.
ಗೋಡೆ ನರಳಿತು, ಬಿಡಲಿಲ್ಲ.
ಆಮೇಲೆ ಬಿಳಿ ಯೂನಿಫಾರ್ಮು ಮೂರು, ಸ್ವೆಟರು,
ನೆರಿಗೆ ಹಿಂದಕ್ಕೆ ಉಡುವ, ಮದುವೆಮನೆಗಳ ಸೀರೆ ಒಂದೇ ಒಂದು,
ಹಲಗೆಗೆ ಒಳ್ಳೆಮೆಣಸಿನ ಪೊಟ್ಟಣ.

ರಾತ್ರಿ ಮಲಗಿದರೆ ಏನೋ ಕಡಿಮೆಯಾಗಿದೆ.
ದಿನಾ ಕೇಳುತ್ತಿದ್ದ ಆಚೆಯ ಸೀರಿಯಲ್ಲು, ಕೆಮ್ಮು,
ಮಾತ್ರೆ ಹುಡುಕುತ್ತ ಡ್ರಾಯರ್ ಎಳೆಯುವ ಸದ್ದು,
ಎಲ್ಲವನ್ನೂ ಬಟ್ಟೆ ಕುಡಿದುಬಿಟ್ಟಿದೆ.
ಎದ್ದೆ. ಕತ್ತಲಲ್ಲೇ ಹ್ಯಾಂಗರುಗಳನ್ನು
ಎರಡೂ ಬದಿಗೆ ಸರಿಸಿ
ನಡುವೆ ಒಂದು ಗೇಣು ಖಾಲಿ ಬಿಟ್ಟೆ,
ಹೊಸ್ತಿಲು ಸವೆದಿರುವಲ್ಲಿ.

ಬಂತು.
ಒಣ ಕೆಮ್ಮಲ್ಲ ಅದು, ಕಫ ಇದೆ.
ನಾಳೆ ಹೇಳಬೇಕು.