ಮೊದಲ ಹತ್ತು ನಿಮಿಷ

ಮೂವತ್ತೊಂದು ವರ್ಷ ದಾವಣಗೆರೆಯ ಒಂದೇ ಟಾಕೀಸಿನಲ್ಲಿ
ಟಾರ್ಚು ಹಿಡಿದವನು ನಾನು.
ತಡವಾಗಿ ಬಂದವರ ಕಾಲಿಗೆ ಬೆಳಕು ಬಿಡುತ್ತ
ನೋಡಿದ್ದೆಲ್ಲ ಮೊದಲ ಹತ್ತೇ ನಿಮಿಷ.
ಆಮೇಲೆ ಸೈಕಲ್ ಸ್ಟ್ಯಾಂಡಿನ ಲೆಕ್ಕ,
ಇಂಟರ್‌ವಲ್ಲಿನ ಮಂಡಕ್ಕಿಗೆ ಕೊಟ್ರೇಶಿಯ ಜೊತೆ ಈರುಳ್ಳಿ ಹೆಚ್ಚುವುದು.

ಕೊಲೆಗಾರ ಯಾರೆಂದು ಗೊತ್ತಿಲ್ಲ, ಒಂದು ಪಿಕ್ಚರಿನಲ್ಲೂ.
ಗೊತ್ತಿರುವುದು ಇಷ್ಟು:
ನಲ್ಲಿ ತೊಟ್ಟಿಕ್ಕಿದರೆ ಒಳಗೆ ಇರಬಾರದವರು ಇದ್ದಾರೆ.
ಹಾಲು ಉಕ್ಕುತ್ತದೆ, ಆರಿಸುವ ಕೈ ಬರುವುದಿಲ್ಲ.
ಹೆಣವನ್ನು ಮೊದಲೇ ತೋರಿಸುವವನು ಇನ್ನೂ ಹಸಿ;
ಪಳಗಿದವನು ಚಪ್ಪಲಿ ತೋರಿಸುತ್ತಾನೆ, ಒಂದೇ ಕಾಲಿನದು,
ತೋರಿಸಿ ಸಂಗೀತ ನಿಲ್ಲಿಸುತ್ತಾನೆ.
ಆಗ ಬಾಲ್ಕನಿಯಲ್ಲಿ
ಶೇಂಗಾ ಅಗಿಯುವ ಹಲ್ಲು ಕೂಡ ನಿಲ್ಲುತ್ತಿತ್ತು.
ಆ ನಿಲ್ಲುವುದನ್ನು ಕೇಳಿಸಿಕೊಂಡೇ
ಬಾಗಿಲು ಎಳೆದು ಹೊರಗೆ ಬರುತ್ತಿದ್ದೆ.

ನಿನ್ನೆ ಸೆಕೆಂಡ್ ಶೋ ಬಿಟ್ಟ ಮೇಲೆ
ಮಂಡಕ್ಕಿ ಭಟ್ಟಿಗಳ ಹೊಗೆ ದಾಟಿ ಮನೆಗೆ ಬಂದರೆ
ಕದ ಅರ್ಧ ತೆರೆದಿದೆ.
ನಮ್ಮ ಓಣಿಗೆ ನೀರು ಬಿಡುವ ದಿನವಲ್ಲ,
ನಲ್ಲಿ ತೊಟ್ಟಿಕ್ಕುತ್ತಿದೆ.
ಹೊಸ್ತಿಲ ಮೇಲೆ ಚಪ್ಪಲಿ. ಒಂದೇ.

"ಮೆಹಬೂಬಿ" ಅಂದೆ.
ಭಟ್ಟಿಯ ಕಡೆ ನಾಯಿಯೊಂದು ಬೊಗಳಿ ಸುಮ್ಮನಾಯಿತು.

ಕೈಯಲ್ಲಿ ಟಾರ್ಚು,
ಗುಂಡಿಯ ಮೇಲೆ ಹೆಬ್ಬೆರಳು.
ಇಲ್ಲಿಂದ ಮುಂದಕ್ಕೆ
ನಾನು ಯಾವತ್ತೂ ನೋಡಿಲ್ಲ.