ಗುರುತಿನ ಮಸಿ

ಐನೂರು ರೂಪಾಯಿ ಕಟ್ಟಿ ಓಡೋದಾ?
ಕಾಸು ಕೊಟ್ಟು ಏದುಸಿರು ಕೊಳ್ಳೋರುಂಟಾ, ಅಂದಳು
ಪಕ್ಕದ ಕಲ್ಲಿನ ರಾಜಾಮಣಿ,
ಒಗೆಯುತ್ತಿದ್ದ ದುಪ್ಪಟಿಯ ಕೈಬಿಡದೆ.
ಆಸ್ಪತ್ರೆಗೆ ಉಸಿರಿನ ಮಿಷಿನ್ನು ತರ್ತಾರಂತೆ ಕಣೆ, ಅಂದೆ.
ಹಂಗಾದ್ರೆ ದುಡ್ಡು ಕೊಟ್ಟು ಮನೇಲಿ ಮಲಗು, ಅಂದಳು.
ಅದೂ ಸರಿಯೇ.

ಆದರೂ ಭಾನುವಾರ ಬೆಳಿಗ್ಗೆ ಆರಕ್ಕೆ
ವೆಲ್ಲಿಂಗ್ಟನ್ನಿನ ದೊಡ್ಡ ಗೇಟಿನ ಮುಂದೆ ನಿಂತಿದ್ದೆ,
ಐವತ್ತೊಂದರ ಮಂಡಿ, ಮಗನ ಹಳೇ ಬೂಟು
ತುದಿಗೆ ಹತ್ತಿ ತುರುಕಿದ್ದು,
ಎದೆಗೆ ನಾಲ್ಕು ಪಿನ್ನು ಚುಚ್ಚಿ ಹಚ್ಚಿದ
ಇನ್ನೂರ ಹದಿನಾಲ್ಕು.
ಕಾವಲಿನವನು ಮುಖ ನೋಡಲಿಲ್ಲ.
ಅಂಕಿ ನೋಡಿ ಬಿಟ್ಟ.

ನಮ್ಮಪ್ಪ ಪುಟ್ಟಮಾದಯ್ಯ ಇದನ್ನು ಓದುತ್ತಿರಲಿಲ್ಲ.
ತಾಳವಾಡಿಯಿಂದ ಗಂಟು ಹೊತ್ತು ಬಂದವನಿಗೆ
ಅಕ್ಷರವಿಲ್ಲ, ಅಂಕಿಯೂ ಇಲ್ಲ.
ಕರಿಗೇರಿನ ಮಸಿಗೆ ಕಡ್ಡಿ ಅದ್ದಿ
ಕಾಲರಿನ ಒಳಮೈಗೆ ಚುಕ್ಕಿ, ಗೀಟು.
ಮೂರು ಚುಕ್ಕಿ ಒಂದು ಗೀಟು, ಸುಬೇದಾರ ಸಾಹೇಬರು.
ಎರಡು ಗೀಟಿನ ನಡುವೆ ಚುಕ್ಕಿ, ಬ್ಯಾಂಡಿನ ತುತ್ತೂರಿಯವನು.
ಯಾರ ಅಂಗಿಯೂ ಇನ್ಯಾರ ಮೈಗೂ ಹೋಗಲಿಲ್ಲ
ಮೂವತ್ತು ವರ್ಷ.
ಅವನು ಮಾತ್ರ ಗಂಟು ಇಳಿಸಿದ್ದು
ಹಿಂದಿನ ಬಾಗಿಲಲ್ಲಿ.

ಸಿಳ್ಳೆ.
ತಲೆ ಬೋಳಿಸಿದ ಹುಡುಗರು ಹಿಂಡುಹಿಂಡಾಗಿ ದಾಟಿ ಹೋದರು,
ಗಂಜಿ ಹೆಚ್ಚಾದ ಚಡ್ಡಿಗಳ ಸರಸರ.
(ಯಾರು ಹಾಕಿದ್ದು ಈ ಗಂಜಿ?)
ಸುಣ್ಣದ ಗೆರೆಯ ನಡುವೆ ಫಿರಂಗಿ,
ಬಾಯಿಗೆ ಮರದ ಬಿರಡೆ.
ಬಿಳಿಯರ ಕಾಲದ ಕಲ್ಲು ಬ್ಯಾರಕ್ಕು,
ಅದರ ಹಿಂದೆ ಮೈದಾನ, ಮೈದಾನದ ತುಂಬ
ಎಷ್ಟೊಂದು ಬಿಸಿಲು!
ಒಣಗಿಸುವುದಕ್ಕೆ ಎಂಥ ಜಾಗ!
ನಾವು ಹಳ್ಳದ ನೆರಳಲ್ಲಿ
ಒಂದೊಂದು ಕೋಟಿಗೆ ಎರಡೆರಡು ದಿನ ಕಾದೆವು.

ಮೂರನೇ ಕಿಲೋಮೀಟರಿಗೆ ಏರು.
ಏರಿಗೆ ಮರ್ವಾದೆ ಕೊಡು, ಬಗ್ಗು, ಅನ್ನುತ್ತಿದ್ದ ಅಪ್ಪ.
ತಲೆ ಮೇಲೆ ಹೊರೆ ಇದ್ದವನು ಬಗ್ಗುವುದು ಹೇಗೆ,
ಆಗ ಕೇಳಲಿಲ್ಲ.
ಥೂ ನಿನ್ನ, ಹಾಳು ದಿಬ್ಬವೇ, ಅಂದೆ ಗಟ್ಟಿಯಾಗಿ.
ನೀರಿನ ಮೇಜಿನ ಹುಡುಗ ಲೋಟ ಚಾಚಿ ನಕ್ಕ:
ಬೈರಿ ಅಕ್ಕಾರ, ನಾವೂ ದಿನಾ ಬೈತೀವಿ,
ಇನ್ನ ಎರಡ ತಿರುವು ಅದಾವ ನೋಡ್ರಿ.
ಮುದ್ದೇಬಿಹಾಳದ ಕಡೆಯವನಂತೆ.
ಐದಿದ್ದವು.
ಸುಳ್ಳುಬುರುಕ.

ಅಪ್ಪ ಕೊನೆಯ ಮೂರು ತಿಂಗಳು ಕೂತೇ ಮಲಗಿದ,
ಗೋಡೆಗೆ ಒರಗಿ, ಬಾಯಿ ತೆರೆದು,
ಗಾಳಿಯನ್ನು ತುತ್ತು ತುತ್ತಾಗಿ ಎಳೆಯುತ್ತ.
ಮಿಷಿನ್ನು ಊಟಿಯಲ್ಲಿ ಒಂದಿತ್ತು.
ನಮ್ಮ ಸರದಿ ನಾಲ್ಕನೆಯದು.

ಏಳನೆಯ ಕಿಲೋಮೀಟರು, ನೀಲಗಿರಿ ಮರಗಳ ಮಂಜು.
ನನ್ನ ಎದೆಯೊಳಗಿಂದ ಅದೇ ಸದ್ದು,
ಅದೇ ಎಳೆತ, ಅದೇ ತಡೆ.
ಹೆದರಿ ನಿಂತೆ.
ಆಮೇಲೆ, ಹೇಳಲು ನಾಚಿಕೆ, ಖುಷಿಯಾಯಿತು.
ಆ ಸದ್ದು ಇಷ್ಟು ಹತ್ತಿರದಿಂದ ಕೇಳಿ
ಹತ್ತೊಂಬತ್ತು ವರ್ಷವಾಗಿತ್ತು.
ಹಾಗೇ ಕೇಳುತ್ತ ಕೇಳುತ್ತ ಓಡಿದೆ.

ಕೊನೆಯಿಂದ ಒಂಬತ್ತನೆಯವಳು.
ಒಂದು ಬಾಳೆಹಣ್ಣು, ಒಂದು ತಗಡಿನ ಪದಕ.
ಕರ್ನಲ್ ಸಾಹೇಬರು ಕೈ ಕುಲುಕಿದರು,
ಅಂಗೈಯ ಒರಟಿಗೆ ಒಂದು ಗಳಿಗೆ ತಡೆದರು.
ನಾನು ಅವರ ಕಾಲರು ನೋಡುತ್ತಿದ್ದೆ.
ಒಳಮೈ ಕಾಣಲಿಲ್ಲ.

ಸೋಮವಾರ ಮತ್ತೆ ಕಲ್ಲಿಗೆ.
ಮರೆತು, ನಂಬರಿನ ಸಮೇತ ಅಂಗಿ ನೆನೆಸಿದ್ದೆ.
ಮೊದಲ ಸೆಳೆತಕ್ಕೆ ಹದಿನಾಲ್ಕು ಹೋಯಿತು,
ಎರಡನೆಯದಕ್ಕೆ ಇನ್ನೂರು.
ನೋಡೇ ನಿನ್ನ ಐನೂರು ರೂಪಾಯಿಯ ಬಣ್ಣ,
ನಕ್ಕಳು ರಾಜಾಮಣಿ.

ಅಪ್ಪನ ಮಸಿಯಾಗಿದ್ದರೆ
ಬಟ್ಟೆ ಹರಿದರೂ ಗುರುತು ಉಳಿಯುತ್ತಿತ್ತು
ಅನ್ನಬೇಕೆಂದವಳು ಅನ್ನಲಿಲ್ಲ.
ಕಾಲು ನೋಯುತ್ತಿತ್ತು.
ತುಕ್ಕು ಹಿಡಿಯುವ ಮುಂಚೆ ನಾಲ್ಕು ಪಿನ್ನು ಒರೆಸಿ
ಸೆರಗಿಗೆ ಸಿಕ್ಕಿಸಿಕೊಂಡು
ಸುಬೇದಾರರ ಹೊರೆ ಬಿಚ್ಚಿದೆ.